ಜೋಗದ ಎದುರು ಒಂದು ಭೂಗೋಳದ ಪೀರಿಯಡ್

ಆಗಸ್ಟ್ ತಿಂಗಳಲ್ಲಿ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಜೋಗಕ್ಕೆ ಕರೆದುಕೊಂಡು ಹೋಗಿದ್ದೆ. ಸಾಗರ, ತಾಳಗುಪ್ಪ ದಾಟುವವರೆಗೂ ಅಂತ್ಯಾಕ್ಷರಿ ನಿಲ್ಲಲಿಲ್ಲ. ಇಳಿದು ನೋಡಿದರೆ ಎದುರಿಗೆ ಬರೀ ಮಂಜು. ಸದ್ದು ಇದೆ, ಜಲಪಾತವೇ ಇಲ್ಲ! ಮಂಜು ಸರಿಯುವವರೆಗೆ ಖಾರ ಉದುರಿಸಿದ ಅನಾನಸ್ ತಿನ್ನುತ್ತಾ ನಿಂತೆವು.

ಬೋರ್ಡಿನ ಮೇಲೆ ನಾನು ಪ್ರತಿ ವರ್ಷ ಬರೆಯುವ ಚಿತ್ರ ಒಂದೇ. ಮೇಲೆ ಗಟ್ಟಿ ಕಲ್ಲು, ಅಡಿಯಲ್ಲಿ ಮೆತ್ತನೆಯ ಕಲ್ಲು. ನೀರು ಅಡಿಯದನ್ನು ಕೊರೆಯುತ್ತದೆ, ಮೇಲಿನದು ಕುಸಿಯುತ್ತದೆ, ಜಲಪಾತ ಹಿಂದೆ ಸರಿಯುತ್ತದೆ. ನಯಾಗರಕ್ಕೆ ಅದು ಸರಿ. ಸುಮಾರು 12,000 ವರ್ಷಗಳಲ್ಲಿ ಅದು 11 ಕಿ.ಮೀ. ಹಿಂದೆ ಸರಿದಿದೆ. ಜೋಗದ ಕಥೆಯೇ ಬೇರೆ. ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಮಲೆನಾಡಿನಲ್ಲಿ ಹರಿದು ಬಂದು, ಘಟ್ಟದ ಅಂಚಿಗೆ ಸಿಕ್ಕಿ 253 ಮೀಟರ್ ಕೆಳಗೆ ಬೀಳುತ್ತಾಳೆ. ಆಮೇಲೆ ಹೊನ್ನಾವರದಲ್ಲಿ ಸಮುದ್ರ ಸೇರುತ್ತಾಳೆ.

ಅಷ್ಟರಲ್ಲಿ ಮಂಜು ಸರಿಯಿತು. ಮಕ್ಕಳು ಒಟ್ಟಿಗೇ ಕೂಗಿದರು.

‘ಫೋಟೋ ಆಮೇಲೆ, ಮೊದಲು ನೋಡಿ’ ಅಂದೆ. ಎಡಗಡೆಯ ರಾಜ ಬಂಡೆಗೆ ತಾಗದೆ ನೇರ ಧುಮುಕುತ್ತದೆ. ಬಲಗಡೆಯ ರಾಣಿ ಬಂಡೆಯ ಮೈಮೇಲೇ ನೊರೆನೊರೆಯಾಗಿ ಜಾರುತ್ತದೆ. ನಡುವೆ ರೋರರ್ ಓರೆಯಾಗಿ ಬಂದು ಅರ್ಧ ದಾರಿಯಲ್ಲಿ ರಾಜನನ್ನು ಸೇರಿಕೊಳ್ಳುತ್ತದೆ. ರಾಕೆಟ್ ಚಿಮ್ಮಿ ಚಿಮ್ಮಿ ಬೀಳುತ್ತದೆ. ನದಿ ಒಂದೇ, ಎತ್ತರವೂ ಒಂದೇ. ಬಂಡೆಯ ಅಂಚು ಮಾತ್ರ ಒಂದೊಂದು ಕಡೆ ಒಂದೊಂದು ಥರ.

ಆಮೇಲೆ ಒಂದು ಆಟ. ರಾಜನ ತುದಿಯಲ್ಲಿ ನೀರಿನ ಒಂದು ಬಿಳಿ ಮುದ್ದೆಯನ್ನು ಕಣ್ಣಲ್ಲೇ ಹಿಡಿದು, ಅದು ತಳ ಮುಟ್ಟುವವರೆಗೆ ಸೆಕೆಂಡ್ ಎಣಿಸಬೇಕು. ಗಾಳಿ ತಡೆಯದಿದ್ದರೆ ಏಳು ಸೆಕೆಂಡಿಗೆ ಬೀಳಬೇಕು. ಎಲ್ಲರ ಲೆಕ್ಕವೂ ಜಾಸ್ತಿಯೇ ಬಂತು. ನೀರು ದಾರಿಯಲ್ಲೇ ಒಡೆದು ತುಂತುರಾಗುತ್ತದೆ, ಗಾಳಿ ಅದನ್ನು ತಡೆಯುತ್ತದೆ. ಇದನ್ನು ಬೋರ್ಡಿನಲ್ಲಿ ತೋರಿಸೋಕೆ ಆಗಲ್ಲ, ಅಲ್ವಾ?

‘ಬೇಸಿಗೆಲಿ ನಮ್ಮ ಮಾವ ಬಂದಾಗ ನೀರೇ ಇರಲಿಲ್ಲವಂತೆ ಸರ್’ ಅಂದಳೊಬ್ಬಳು. ಮೇಲೆ ಸುಮಾರು 6 ಕಿ.ಮೀ. ದೂರದಲ್ಲಿ 1964ರ ಲಿಂಗನಮಕ್ಕಿ ಅಣೆಕಟ್ಟು ಇದೆ. ನೀರು ಕರೆಂಟಿಗೆ ಹೋಗುತ್ತದೆ. ಮಳೆಗಾಲ ಕಳೆದರೆ ಜೋಗ ಸೊರಗುವುದು ಅದಕ್ಕೇ. ನಮ್ಮ ಮನೆಯ ಬಲ್ಬಿಗೂ ಇದರಲ್ಲಿ ಪಾಲಿದೆ, ಸುಮ್ನೆ ಬೈಯೋಕೆ ಬರಲ್ಲ.

ಬಸ್ ಹತ್ತುವಾಗ ಹಿಂದಿನ ಬೆಂಚಿನವನು ಕೇಳಿದ, ‘ಸರ್, ಪರೀಕ್ಷೆಲಿ ಜಲಪಾತದ ಚಿತ್ರ ಬಂದ್ರೆ ಯಾವುದು ಬರೀಬೇಕು?’

‘ನಯಾಗರದ್ದೇ ಬರಿ ಮಾರಾಯ. ಮಾರ್ಕ್ಸು ಅದಕ್ಕೇ ಇರೋದು.’