ಐವತ್ತಾರನೇ ದಿನಕ್ಕೆ ಬಂದ ಡೂಡಲ್ ಮರಿ

ನಾಯಿಮರಿ ಮಾರುವವರ ಬಾಯಲ್ಲಿ ಮೊದಲು ಬರುವ ಮಾತು: ‘45 ದಿನ ಆಗಿದೆ, ತಗೊಂಡ್ಹೋಗಿ.’ ಮೈಸೂರಿನ ಕುವೆಂಪುನಗರದ ಈ ಮನೆಗೆ ಡೂಡಲ್ ಮರಿ ಬಂದದ್ದು 56ನೇ ದಿನ, ಒಂದು ಭಾನುವಾರ. ನಡುವಿನ 11 ದಿನ ಕಾಯುವುದು ಮನೆಯ ಮಕ್ಕಳಿಗೆ ಕಷ್ಟವೇ ಆಯಿತು. ಆದರೆ 2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಕಾನೂನನ್ನು ಬದಿಗಿಟ್ಟು ನೋಡಿದರೂ ಆ 11 ದಿನಕ್ಕೆ ಬೆಲೆ ಇದೆ. ಜೊತೆಯ ಮರಿಯ ಕಿವಿಯನ್ನು ಜೋರಾಗಿ ಕಚ್ಚಿದರೆ ಅದು ಕಿರುಚಿ ಆಟ ಬಿಟ್ಟು ಹೋಗುತ್ತದೆ, ಮೊಲೆಗೆ ಹಲ್ಲು ತಾಗಿಸಿದರೆ ತಾಯಿ ಎದ್ದು ನಡೆಯುತ್ತಾಳೆ. ಎಷ್ಟು ಕಚ್ಚಿದರೆ ಹೆಚ್ಚಾಯಿತು ಎಂಬ ಪಾಠ ಅಲ್ಲಿ ಆಗದಿದ್ದರೆ ಅದು ಮುಂದೆ ಮನೆಯವರ ಕೈಬೆರಳುಗಳ ಮೇಲೆ ಆಗುತ್ತದೆ.

ಡೂಡಲ್ ಎಂದರೆ ಗುಂಗುರು ಕೂದಲಿನ ಪೂಡಲ್ ಜೊತೆ ಬೇರೆ ಜಾತಿಯ ನಾಯಿಯನ್ನು ಕೂಡಿಸಿ ಪಡೆದ ಮರಿ. ಲ್ಯಾಬ್ರಡಾರ್ ಜೊತೆಗಾದರೆ ಲ್ಯಾಬ್ರಡೂಡಲ್, ಗೋಲ್ಡನ್ ರಿಟ್ರೀವರ್ ಜೊತೆಗಾದರೆ ಗೋಲ್ಡನ್‌ಡೂಡಲ್. ಮಿಶ್ರತಳಿಯಾದ್ದರಿಂದ ನಾಯಿಗಳ ವಂಶಾವಳಿ ದಾಖಲಿಸುವ ಕೆನೆಲ್ ಕ್ಲಬ್ ಆಫ್ ಇಂಡಿಯಾ (ಕೆಸಿಐ) ಇದನ್ನು ತಳಿಯಾಗಿ ನೋಂದಾಯಿಸುವುದಿಲ್ಲ. ‘ಡೂಡಲ್‌ಗೆ ಕೆಸಿಐ ಪೇಪರ್ ಕೊಡ್ತೀವಿ’ ಎಂದವರ ಮನೆಯಿಂದ ಆಗಲೇ ಎದ್ದುಬರಬಹುದು. ಪೇಪರ್ ಇರಬಹುದಾದದ್ದು ಅಪ್ಪ ಅಮ್ಮನಿಗೆ, ಕೇಳಬೇಕಾದದ್ದೂ ಅದನ್ನೇ. ಮರಿ ಎಷ್ಟು ದೊಡ್ಡದಾಗುತ್ತದೆ ಎಂಬ ಪ್ರಶ್ನೆಗೂ ಅಲ್ಲೇ ಉತ್ತರ. ಅಪ್ಪ ಸ್ಟ್ಯಾಂಡರ್ಡ್ ಪೂಡಲ್ ಆದರೆ ಮರಿ ಮಂಡಿ ದಾಟಿ ಬೆಳೆಯುತ್ತದೆ. ಮಿನಿಯೇಚರ್ ಪೂಡಲ್ ಆದರೆ ಚಿಕ್ಕದಾಗಬಹುದು, ಆದರೆ ಒಂದೇ ಸೂಲಿನ ಮರಿಗಳಲ್ಲೂ ಗಾತ್ರ ಏರುಪೇರಾಗುತ್ತದೆ.

ಈ ಮನೆಯ ಹಿರಿಯ ಮಗನಿಗೆ ಅಲರ್ಜಿ. ಡೂಡಲ್ ಬೇಕೆಂದದ್ದೂ ಆ ಕಾರಣಕ್ಕೇ, ‘ಕೂದಲು ಉದುರಲ್ಲ, ಅಲರ್ಜಿ ಆಗಲ್ಲ’ ಎಂಬ ಮಾತು ನಂಬಿ. ಇದು ಅರ್ಧ ಸತ್ಯ. ಅಲರ್ಜಿ ತರುವ ಪ್ರೋಟೀನು ಇರುವುದು ನಾಯಿಯ ಜೊಲ್ಲು ಮತ್ತು ಚರ್ಮದಿಂದ ಉದುರುವ ಹೊಟ್ಟಿನಲ್ಲಿ. ಕೂದಲು ಅದನ್ನು ಹೊತ್ತು ತಿರುಗುತ್ತದೆ ಅಷ್ಟೆ. ಆಸ್ಟ್ರೇಲಿಯಾದ ವಾಲಿ ಕಾನ್ರನ್ 1989ರಲ್ಲಿ ಲ್ಯಾಬ್ರಡಾರ್ ಮತ್ತು ಸ್ಟ್ಯಾಂಡರ್ಡ್ ಪೂಡಲನ್ನು ಕೂಡಿಸಿದ್ದು ಹವಾಯಿಯ ಒಬ್ಬ ಅಂಧ ಮಹಿಳೆಗೆ ದಾರಿ ತೋರುವ ನಾಯಿ ಬೇಕಿದ್ದಾಗ. ಆಕೆಯ ಗಂಡನಿಗೆ ನಾಯಿ ಅಲರ್ಜಿ. ಹುಟ್ಟಿದ ಮೂರು ಮರಿಗಳಲ್ಲಿ ಆತನಿಗೆ ಒಗ್ಗಿದ್ದು ಒಂದೇ. ಒಂದೇ ಹೊಟ್ಟೆಯ ಮರಿಗಳಲ್ಲೇ ಇಷ್ಟು ವ್ಯತ್ಯಾಸವಿದ್ದರೆ ಫೋನಿನಲ್ಲಿ ಗ್ಯಾರಂಟಿ ಕೊಡುವವರ ಮಾತಿಗೆ ಏನು ಅರ್ಥ? ಹಾಗಾಗಿ ಮರಿ ತರುವ ಎರಡು ವಾರ ಮುಂಚೆಯೇ ಹುಡುಗನನ್ನು ಕರೆದೊಯ್ದು, ಮರಿ ಮಾರುವವರ ಮನೆಯ ದೊಡ್ಡ ನಾಯಿಗಳ ನಡುವೆ ಒಂದು ಗಂಟೆ ಕೂರಿಸಿ, ಕೈ ನೆಕ್ಕಿಸಿಕೊಂಡು ಬಂದದ್ದಾಗಿತ್ತು. ಅವತ್ತು ರಾತ್ರಿ ಉಬ್ಬಸ ಬರಲಿಲ್ಲ. ಆಮೇಲೆಯೇ ಮುಂಗಡ ಕೊಟ್ಟದ್ದು.

ನಾಯಿಗಳನ್ನು ಕೂಡಿಸಿ ಮರಿ ಮಾರುವ ಬ್ರೀಡರ್ ಮನೆ ಬೆಂಗಳೂರಿನ ಹೊರವಲಯದಲ್ಲಿ. ಒಳ್ಳೆಯ ಬ್ರೀಡರ್ ಎಂದು ಗೊತ್ತಾಗುವುದು ಅವರು ಕೇಳುವ ಪ್ರಶ್ನೆಗಳಿಂದ. ‘ಫ್ಲ್ಯಾಟಾ ಸಾರ್, ಸ್ವಂತ ಮನೇನಾ? ಹಗಲು ಹೊತ್ತು ಮನೇಲಿ ಯಾರಿರ್ತಾರೆ? ದಿನಾ ಬಾಚೋರು ಯಾರು, ಅದನ್ನ ಮೊದ್ಲು ಹೇಳಿ’ ಎಂದು ಆ ಹೆಂಗಸು ಕೇಳಿದ್ದರು. ಬೆಲೆಯ ಮಾತು ಬಂದದ್ದು ಕೊನೆಗೆ. ಮರಿ ಸಾಕಲಾಗದಿದ್ದರೆ ಯಾವ ವಯಸ್ಸಿನಲ್ಲಾದರೂ ತಮಗೇ ವಾಪಸ್ ತರಬೇಕು ಎಂದು ಬರೆಸಿಕೊಂಡರು. ಕೆಲವರಿಗೆ ಇದು ದರ್ಪ ಅನ್ನಿಸುತ್ತದೆ. ಬಸ್ಸಿನಲ್ಲಿ ಹಾಕಿ ಕಳಿಸುತ್ತೇವೆ, ಹೆದ್ದಾರಿ ಪಕ್ಕ ಬನ್ನಿ ಅಲ್ಲೇ ಕೊಡುತ್ತೇವೆ ಎನ್ನುವವರ ವಿನಯಕ್ಕಿಂತ ಈ ದರ್ಪ ಮೇಲು.

ತಾಯಿಯನ್ನು ನೋಡದೆ ಮರಿ ತರಬಾರದು, ಇದಕ್ಕೆ ವಿನಾಯಿತಿ ಇಲ್ಲ. ಫೋಟೋ, ವಿಡಿಯೋ ಸಾಲದು. ಮರಿಗಳ ಜೊತೆಗೇ ಇರುವ, ಮೊಲೆ ಜೋತ ತಾಯಿಯನ್ನೇ ನೋಡಬೇಕು. ಹೊಸಬರನ್ನು ಕಂಡು ಅವಳು ಮೂಲೆ ಸೇರಿ ನಡುಗಿದರೆ, ಅಂಜುಬುರುಕುತನ ಮರಿಗಳಿಗೂ ಬರುವ ಸಂಭವ ಹೆಚ್ಚು. ನಿಯಮದಂತೆ ಅವಳಿಗೆ ಮೊದಲ ಸಲ ಕೂಡಿಸುವಾಗ 18 ತಿಂಗಳು ತುಂಬಿರಬೇಕು, 8 ವರ್ಷ ದಾಟಿರಬಾರದು, ಬ್ರೀಡರಿಗೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಇರಬೇಕು. ಅಪ್ಪ ಅಮ್ಮ ಇಬ್ಬರದೂ ಸೊಂಟದ ಎಕ್ಸ್‌ರೇ ಕೇಳಿ. ಲ್ಯಾಬ್ರಡಾರ್, ಗೋಲ್ಡನ್, ಸ್ಟ್ಯಾಂಡರ್ಡ್ ಪೂಡಲ್ ಮೂರಕ್ಕೂ ಸೊಂಟದ ಕೀಲು ಸಡಿಲವಾಗುವ ತೊಂದರೆ ಇದೆ. ‘ಕ್ರಾಸ್ ಮರಿ, ಗಟ್ಟಿಯಾಗಿರತ್ತೆ’ ಎಂಬ ನಂಬಿಕೆ ಇಲ್ಲಿ ಕೆಲಸ ಮಾಡುವುದಿಲ್ಲ, ಎರಡೂ ಕಡೆ ಅದೇ ರೋಗ ಇರುವಾಗ ಮರಿ ಎಲ್ಲಿಂದ ತಪ್ಪಿಸಿಕೊಳ್ಳಬೇಕು? ಬರಬರುತ್ತಾ ದೃಷ್ಟಿ ಹೋಗುವ ಪಿಆರ್‌ಎ ಎಂಬ ಕಣ್ಣಿನ ಕಾಯಿಲೆಗೆ ಡಿಎನ್‌ಎ ಪರೀಕ್ಷೆ ಇದೆ. ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಆ ಪರೀಕ್ಷೆಯಲ್ಲಿ ಪೂರ್ತಿ ಮುಕ್ತರೆಂದು ಬಂದಿದ್ದರೆ ಮರಿಗೆ ಆ ಬಗೆಯ ಕುರುಡು ಬರುವುದಿಲ್ಲ.

ಇನ್ನು ಮರಿಯನ್ನೇ ನೋಡುವುದು. ಈ ಭಾನುವಾರ ಬೆಳಿಗ್ಗೆ ಕೈಗೆತ್ತಿಕೊಂಡಾಗ ಮೂಗಿನಿಂದ ಬಾಲದವರೆಗೆ ನೋಡಿದ್ದು ಹೀಗೆ. ಕಣ್ಣಲ್ಲಿ ಪಿಸುರಿಲ್ಲ. ಕಿವಿ ಮಡಚಿ ಮೂಸಿದರೆ ಹುಳಿ ವಾಸನೆ ಇಲ್ಲ. ವಸಡು ತಿಳಿಗೆಂಪು, ಬಿಳಚಿದ್ದರೆ ಜಂತುಹುಳವೋ ರಕ್ತಹೀನತೆಯೋ ಇದ್ದೀತು. ಮೇಲಿನ ಹಲ್ಲು ಕೆಳಗಿನದರ ಮೇಲೆ ಸರಿಯಾಗಿ ಕೂರುತ್ತಿದೆ. ಹೊಕ್ಕುಳಲ್ಲಿ ಗೋಲಿಯಂಥ ಉಬ್ಬಿದ್ದರೆ ಅದು ಹರ್ನಿಯಾ. ಮೈ ಬಡಕಲಾಗಿ ಹೊಟ್ಟೆ ಮಾತ್ರ ಗುಡಾಣವಾಗಿದ್ದರೆ ಹುಳ. ಬಾಲದ ಕೆಳಗೆ ಅಂಟಿದ ಭೇದಿ ಇರಬಾರದು. ಕೀಲಿಕೈ ಗೊಂಚಲನ್ನು ತುಸು ದೂರ ನೆಲಕ್ಕೆ ಹಾಕಿದಾಗ ಮರಿ ಬೆಚ್ಚಿತು, ಎರಡು ಹೆಜ್ಜೆ ಹಿಂದೆ ಸರಿಯಿತು, ಆಮೇಲೆ ಮೂಸಲು ಬಂತು. ಬೇಕಾದದ್ದು ಅಷ್ಟೇ. ಬೆಚ್ಚದ ಮರಿ ಬೇಕಿಲ್ಲ, ಬೆಚ್ಚಿ ಸುಧಾರಿಸಿಕೊಳ್ಳುವ ಮರಿ ಬೇಕು.

ಡೂಡಲ್‌ನಲ್ಲಿ ವಿಶೇಷವಾಗಿ ನೋಡಬೇಕಾದದ್ದು ಮುಖದ ಕೂದಲು. ಎರಡು ತಿಂಗಳಿಗೆ ಎಲ್ಲ ಮರಿಗಳೂ ಹತ್ತಿಯುಂಡೆಗಳೇ, ಮೈ ನೋಡಿ ಮೋಸ ಹೋಗುವುದು ಸುಲಭ. ಆದರೆ ಮೂತಿಯ ಮೇಲೆ, ಎರಡು ಕಣ್ಣುಗಳ ನಡುವೆ ಕೂದಲು ಎದ್ದು ನಿಂತು, ಗಡ್ಡ ಮೀಸೆಯ ಸೂಚನೆ ಇದ್ದರೆ ಅದು ಪೂಡಲ್ ಗುಣ. ಮೂತಿ ಲ್ಯಾಬ್ರಡಾರ್‌ನಂತೆ ನುಣ್ಣಗಿದ್ದರೆ ಮುಂದೆ ಕೂದಲು ಉದುರುತ್ತದೆ, ಸೋಫಾ ತುಂಬ. ಅಪ್ಪ ಅಮ್ಮನಲ್ಲಿ ಒಬ್ಬರು ಪೂಡಲ್ ಆದ ಮೊದಲ ಪೀಳಿಗೆಯನ್ನು ಎಫ್1 ಎನ್ನುತ್ತಾರೆ. ಅದನ್ನು ಮತ್ತೆ ಪೂಡಲ್‌ಗೆ ಕೂಡಿಸಿದರೆ ಎಫ್1ಬಿ. ಎಫ್1ಬಿಯಲ್ಲಿ ಉದುರುವುದು ಸಾಮಾನ್ಯವಾಗಿ ಕಡಿಮೆ, ಗುಂಗುರು ಜಾಸ್ತಿ. ಗುಂಗುರು ಜಾಸ್ತಿಯಾದಷ್ಟೂ ಬಾಚುವ ಕೆಲಸವೂ ಜಾಸ್ತಿ ಎಂಬುದನ್ನು ಮಾರುವವರು ಅಷ್ಟಾಗಿ ಹೇಳುವುದಿಲ್ಲ.

ಹೊರಡುವ ಮುಂಚೆ ಲಸಿಕೆ ಕಾರ್ಡು. ಬರೀ ಪೆನ್ನಿನಲ್ಲಿ ಬರೆದದ್ದಲ್ಲ. ಲಸಿಕೆ ಸೀಸೆಯ ಸ್ಟಿಕ್ಕರ್, ಬ್ಯಾಚ್ ನಂಬರ್, ತಾರೀಖು, ಡಾಕ್ಟರ ಸಹಿ ಮತ್ತು ಮೊಹರು ಇರಬೇಕು. ಗುರುತಿಗಾಗಿ ಚರ್ಮದಡಿ ಇಡುವ ಮೈಕ್ರೋಚಿಪ್ ಇದ್ದರೆ ಸ್ಕ್ಯಾನರ್ ಹಿಡಿಸಿ, 15 ಅಂಕಿಯೂ ಕಾರ್ಡಿನಲ್ಲಿರುವುದಕ್ಕೆ ತಾಳೆಯಾಗುತ್ತದೆಯೇ ನೋಡಬೇಕು. ತಾಯಿಯ ಮೈಗೆ ಉಜ್ಜಿದ ಒಂದು ಟವೆಲ್ ಮತ್ತು ಅವರು ಹಾಕುತ್ತಿದ್ದ ಆಹಾರವೇ ಎರಡು ಕೆ.ಜಿ. ಕೇಳಿ ತೆಗೆದುಕೊಂಡದ್ದಾಯಿತು.

ಹೊರಡುವುದಕ್ಕೆ ಮೂರು ಗಂಟೆ ಮುಂಚಿನಿಂದ ಮರಿಗೆ ಊಟ ಇಲ್ಲ, ನೀರು ಮಾತ್ರ. ಆದರೂ ರಾಮನಗರ ದಾಟುವ ಹೊತ್ತಿಗೆ ಜೊಲ್ಲು ಸುರಿಸಿ ಒಮ್ಮೆ ವಾಂತಿ ಮಾಡಿಕೊಂಡಿತು. ಹಳೇ ಪೇಪರು ಹಾಸಿದ ಬುಟ್ಟಿ ಹಿಂದಿನ ಸೀಟಿನ ಕಾಲಡಿ ಇದ್ದದ್ದರಿಂದ ತೊಂದರೆಯಾಗಲಿಲ್ಲ. ಮದ್ದೂರಿನಲ್ಲಿ ವಡೆಗೆ ನಿಲ್ಲಿಸದೆ ಮೈಸೂರಿನವರ ಕಾರು ಮುಂದೆ ಹೋಗುವುದುಂಟೇ? ನಿಲ್ಲಿಸಬಹುದು, ಆದರೆ ಮರಿಯನ್ನು ಅಲ್ಲಿ ನೆಲಕ್ಕೆ ಬಿಡಬಾರದು. ಹತ್ತಾರು ನಾಯಿಗಳು ಓಡಾಡುವ ಜಾಗ, ಮರಿಗಳಿಗೆ ರಕ್ತಭೇದಿ ತರುವ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಒಂದು ಲಸಿಕೆ ಆಗಿದೆ ಎಂಬ ಧೈರ್ಯ ಸಾಲದು. ತಾಯಿ ಹಾಲಿನಿಂದ ಬಂದ ರಕ್ಷಣೆ ಮೈಯಲ್ಲಿ ಉಳಿದಿರುವಾಗ ಅದೇ ಲಸಿಕೆಯನ್ನು ಮೊಂಡು ಮಾಡುತ್ತದೆ. ಅದು ಯಾವಾಗ ಇಳಿಯುತ್ತದೆಂದು ಒಂದೊಂದು ಮರಿಗೂ ಬೇರೆ ಲೆಕ್ಕ. ಅದಕ್ಕೇ 3–4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಮತ್ತೆ ಮತ್ತೆ ಚುಚ್ಚಿಸುವುದು. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ. ಈ ಮನೆಯವರು ಸರದಿಯ ಮೇಲೆ ಇಳಿದು ವಡೆ ತಿಂದು ಬಂದರು. ಕಾರಿನಲ್ಲಿ ಯಾವಾಗಲೂ ಒಬ್ಬರು, ಗಾಜು ಇಳಿಸಿಕೊಂಡು.

ಮನೆ ಮುಟ್ಟಿದ ಕೂಡಲೇ ಒಳಗಲ್ಲ, ಹಿತ್ತಲಿನ ಕರಿಬೇವಿನ ಗಿಡದ ಹತ್ತಿರ. ಉಚ್ಚೆ ಆಗುವವರೆಗೂ ಅಲ್ಲೇ. ಆಯಿತು, ಹೊಗಳಿಕೆಯೂ ಆಯಿತು, ಆಮೇಲೆ ಒಳಗೆ. ಎದ್ದ ಕೂಡಲೇ, ಉಂಡ ಹತ್ತು ಹದಿನೈದು ನಿಮಿಷಕ್ಕೆ, ಆಟ ಮುಗಿದ ಮೇಲೆ ಅದೇ ಜಾಗಕ್ಕೆ ಎತ್ತಿಕೊಂಡು ಹೋಗಬೇಕು. ಒಳಗೆ ಮಾಡಿಕೊಂಡಾಗ ಮೂಗನ್ನು ಅದಕ್ಕೆ ಉಜ್ಜುವುದು ನಮ್ಮ ಕಡೆಯ ಹಳೇ ಪದ್ಧತಿ. ಅದರಿಂದ ಮರಿ ಕಲಿಯುವುದು ಒಂದೇ, ನಿಮ್ಮ ಕಣ್ಣಿಗೆ ಬೀಳದಂತೆ ಸೋಫಾ ಹಿಂದೆ ಮಾಡುವುದು.

ಊಟ ದಿನಕ್ಕೆ ನಾಲ್ಕು ಸಲ. ಮೂರು ತಿಂಗಳಾದ ಮೇಲೆ ಮೂರು, ಆರು ತಿಂಗಳ ನಂತರ ಎರಡು. ಬೇರೆ ಆಹಾರಕ್ಕೆ ಬದಲಾಯಿಸಬೇಕಿದ್ದರೆ ಕಾಲುಭಾಗದಿಂದ ಶುರುಮಾಡಿ ಏಳೆಂಟು ದಿನ ತೆಗೆದುಕೊಳ್ಳಬೇಕು. ಒಂದೇ ದಿನಕ್ಕೆ ಬದಲಾಯಿಸಿದರೆ ಭೇದಿಯಾಗುವ ಸಂಭವ ಹೆಚ್ಚು. ಪೆಟ್‌ ಅಂಗಡಿಯವರು ‘ಮೂಳೆ ಗಟ್ಟಿಯಾಗ್ಲಿ’ ಎಂದು ಕೈಗಿಡುವ ಕ್ಯಾಲ್ಸಿಯಂ ಸಿರಪ್ಪು ಬೇಡ. ದೊಡ್ಡ ಜಾತಿಯ ಮರಿಗಳಿಗಾಗಿ ಮಾಡಿದ ಆಹಾರದಲ್ಲಿ ಲೆಕ್ಕ ಹಾಕಿಯೇ ಕ್ಯಾಲ್ಸಿಯಂ ಇಟ್ಟಿರುತ್ತಾರೆ. ಬೇಗ ಬೆಳೆಯುವ ಮರಿಯ ಮೈ ಹೆಚ್ಚಾದದ್ದನ್ನು ಹೀರಿಕೊಳ್ಳದೆ ಬಿಡಲಾರದೆ ಮೂಳೆ, ಕೀಲು ವಕ್ರವಾಗಬಹುದು. ರಾಗಿಮುದ್ದೆ ತುಂಡೊಂದನ್ನು ಕೊಟ್ಟರೆ ಪ್ರಾಣವೇನೂ ಹೋಗದು. ಸಾರು ಮಾತ್ರ ಬೇಡ, ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿ ಇದೆ, ಎರಡೂ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ವಿಷ. ಬೇಯಿಸಿದ ಕೋಳಿ ಮೂಳೆ ಸೀಳಾಗಿ ಕರುಳಿಗೆ ಚುಚ್ಚುತ್ತದೆ.

ಡೂಡಲ್ ಸಾಕುವ ಕಷ್ಟವೆಲ್ಲ ಬಾಚಣಿಗೆಯಲ್ಲಿದೆ. ಬೇಕಾದದ್ದು ಎರಡು: ಬಾಗಿದ ಸಣ್ಣ ತಂತಿಗಳ ಸ್ಲಿಕ್ಕರ್ ಬ್ರಷ್ಷು, ಅರ್ಧ ಬಿಡಿಹಲ್ಲು ಅರ್ಧ ಒತ್ತುಹಲ್ಲಿನ ಸ್ಟೀಲ್ ಬಾಚಣಿಗೆ. ಬೆನ್ನ ಮೇಲೆ ಮೇಲೆ ಎಳೆದರೆ ನೋಡಲು ಚೆಂದ, ಬುಡದಲ್ಲಿ ಕೂದಲು ಕಂಬಳಿಯಾಗುತ್ತಿರುತ್ತದೆ. ಮಾಡಬೇಕಾದದ್ದು ಬೈತಲೆ ತೆಗೆದ ಹಾಗೆ. ಒಂದು ಕೈಯಲ್ಲಿ ಕೂದಲನ್ನು ಮೇಲೆತ್ತಿ ಹಿಡಿದರೆ ಚರ್ಮ ಗೆರೆಯಾಗಿ ಕಾಣಬೇಕು. ಆ ಗೆರೆಯ ಕೆಳಗಿನದನ್ನಷ್ಟೇ ಬುಡದಿಂದ ತುದಿಗೆ ಬ್ರಷ್ ಮಾಡಿ, ಬೆರಳಗಲ ಮೇಲೆ ಇನ್ನೊಂದು ಬೈತಲೆ ತೆಗೆಯುವುದು. ಕೊನೆಯಲ್ಲಿ ಬಾಚಣಿಗೆ ಬುಡದಿಂದ ಎಲ್ಲೂ ತಡೆಯದೆ ಹೋದರೆ ಮಾತ್ರ ಮುಗಿಯಿತೆಂದು ಲೆಕ್ಕ. ಸಿಕ್ಕು ಕಟ್ಟುವ ಜಾಗಗಳು ಕಿವಿ ಹಿಂದೆ, ಕಂಕುಳು, ತೊಡೆಸಂದು, ಬಾಲದ ಬುಡ, ಕೊರಳಪಟ್ಟಿಯ ಅಡಿ. ಸಿಕ್ಕನ್ನು ಕತ್ತರಿಯಿಂದ ಕತ್ತರಿಸಬಾರದು; ಚರ್ಮ ಗಂಟಿನೊಳಕ್ಕೆ ಎಳೆದುಕೊಂಡಿರುತ್ತದೆ, ಕೊಯ್ದುಬಿಡುತ್ತದೆ. ಬುಡವನ್ನು ಬೆರಳಲ್ಲಿ ಒತ್ತಿಹಿಡಿದು ತುದಿಯಿಂದ ಬಿಡಿಸುತ್ತಾ ಬರಬೇಕು. ಸ್ನಾನಕ್ಕೆ ಮುಂಚೆಯೇ ಬಾಚಬೇಕು, ಯಾಕೆಂದರೆ ನೀರು ಬಿದ್ದ ಗಂಟು ಒಣಗುವಾಗ ಇನ್ನಷ್ಟು ಬಿಗಿಯುತ್ತದೆ. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಬುಡದವರೆಗೆ ಒಣಗಿಸಬೇಕು. ಮಳೆಗಾಲದಲ್ಲಿ ತೇವ ಉಳಿದ ಚರ್ಮ ಒಂದೇ ರಾತ್ರಿಗೆ ಕೆಂಪಗೆ ಕೀವುಗಟ್ಟೀತು.

ಮರಿಗೂದಲು ಹೋಗಿ ದೊಡ್ಡಕೂದಲು ಬರುವ 6ರಿಂದ 12 ತಿಂಗಳ ನಡುವಿನ ಕಾಲ ಅತಿ ಕೆಟ್ಟದ್ದು. ಆ ಹೊತ್ತಿಗೆ ಮನೆಯವರ ಉತ್ಸಾಹವೂ ಇಳಿದಿರುತ್ತದೆ. ಗ್ರೂಮಿಂಗ್ ಅಂಗಡಿಗಳಲ್ಲಿ ಪೂರ್ತಿ ಬೋಳಿಸಿಕೊಂಡು ಹೊರಬರುವ ಡೂಡಲ್‌ಗಳಲ್ಲಿ ಹೆಚ್ಚಿನವು ಈ ವಯಸ್ಸಿನವೇ. ತಪ್ಪು ಗ್ರೂಮರ್‌ದಲ್ಲ. ಬರಗಾಲದ ಕುರಿಯಂತೆ ಕಾಣುವುದು ಬೇಡವಾದರೆ ದಿನಕ್ಕೆ ಹದಿನೈದು ನಿಮಿಷ, 6–8 ವಾರಕ್ಕೊಮ್ಮೆ ಕತ್ತರಿ. ಇಷ್ಟು ಆಗದವರು ಇಡೀ ಮೈಯನ್ನು ಒಂದಿಂಚಿಗೆ ಕತ್ತರಿಸಿಟ್ಟುಕೊಳ್ಳಲಿ, ಅವಮಾನವೇನಿಲ್ಲ. ಉಣ್ಣೆಯಂಥ ಕೂದಲಿನೊಳಗೆ ಉಣ್ಣೆಹುಳ ಅಡಗಿದರೆ ಕಣ್ಣಿಗೆ ಬೀಳುವುದಿಲ್ಲ, ಬೆರಳಿಗೇ ಸಿಗಬೇಕು. ಬಾಚುವಾಗ ಕಾಲ್ಬೆರಳ ಸಂದು, ಕಿವಿಯ ಒಳಮಡಿಕೆ ತಡವಿ ನೋಡಬೇಕು. ಮರಿ ಮಂಕಾಗಿ, ಜ್ವರ ಬಂದು, ವಸಡು ಬಿಳಚಿದರೆ ಉಣ್ಣೆಜ್ವರವಿರಬಹುದು, ಅದೇ ದಿನ ರಕ್ತಪರೀಕ್ಷೆ. ಉಣ್ಣೆಹುಳ ನಿವಾರಿಸುವ ಮಾತ್ರೆಯನ್ನು ತೂಕ ನೋಡಿ ಡಾಕ್ಟರೇ ಕೊಡಬೇಕು.

ಅವತ್ತು ಸಂಜೆಯ ಬಾಚಾಟ ಅರ್ಧ ನಿಮಿಷ. ತಟ್ಟೆಗೆ ಸವರಿದ ಒಂದು ಚಮಚ ಮೊಸರನ್ನು ಮರಿ ನೆಕ್ಕುತ್ತಿದ್ದಾಗ ಬೆನ್ನ ಮೇಲೆ ನಾಲ್ಕು ಸಲ, ಪಾದ ಒಂದೊಂದು ಸಲ ಮುಟ್ಟಿ ಬಿಟ್ಟದ್ದು. ದಸರೆಗೆ ಮುಂಚೆ ಆನೆ ಕುದುರೆಗಳಿಗೆ ಕುಶಾಲತೋಪಿನ ಸದ್ದು ರೂಢಿ ಮಾಡಿಸುವುದನ್ನು ನೋಡಿದ ಊರಿದು. ಮರಿಗೂ ಅದೇ ದಾರಿ, ದೂರದಿಂದ, ಚೂರುಚೂರೇ. 12–14 ವಾರದೊಳಗೆ ಕಂಡು ಕೇಳಿದ್ದಕ್ಕೆ ಮುಂದೆ ಹೆದರುವುದು ಕಡಿಮೆ. ಲಸಿಕೆ ಮುಗಿಯುವವರೆಗೆ ಬೀದಿಯ ನೆಲಕ್ಕೆ ಬಿಡದಿದ್ದರೂ ಎತ್ತಿಕೊಂಡು ಗೇಟಿನ ಬಳಿ ನಿಂತರೆ ಸಾಕು. ಸ್ಕೂಟರು, ತಳ್ಳುಗಾಡಿ, ಹೆಲ್ಮೆಟ್ಟು ಹಾಕಿದವರು ಎಲ್ಲ ಅಲ್ಲೇ ಬರುತ್ತಾರೆ.

ರಾತ್ರಿ ಬುಟ್ಟಿ ಮಂಚದ ಪಕ್ಕಕ್ಕೆ. ಬೇರೆ ಕೋಣೆಗೆ ಹಾಕಿ ಬಾಗಿಲು ಮುಚ್ಚಿದರೆ ಬೀದಿಯೇ ಎದ್ದು ಕೂರುವಂತೆ ಅಳುತ್ತದೆ. ಹನ್ನೊಂದಕ್ಕೊಮ್ಮೆ, ಎರಡಕ್ಕೊಮ್ಮೆ, ಐದಕ್ಕೊಮ್ಮೆ ಹಿತ್ತಲು. ದೀಪ ಹಾಕದೆ, ಮಾತಾಡಿಸದೆ, ಕೆಲಸ ಮುಗಿದ ಕೂಡಲೇ ವಾಪಸ್. ಬೆಳಿಗ್ಗೆ ಬುಟ್ಟಿಯೊಳಗಿನ ಟವೆಲನ್ನು ನೋಡಿ ‘ಏನ್ ನಾತ ಇದು’ ಎಂದು ಅಜ್ಜಿ ಒಗೆಯಲು ಹಾಕಹೊರಟಿದ್ದರು. ಕೈಯಿಂದ ಕಸಿದುಕೊಂಡು ಮತ್ತೆ ಬುಟ್ಟಿಗೆ ಹಾಕಬೇಕಾಯಿತು. ಆ ನಾತ ತಾಯಿಯದು, ಇನ್ನೊಂದು ವಾರ ಬೇಕು.