ಲಾಂಗ್‌ಯಿಯರ್‌ಬ್ಯೆನ್‌ನಲ್ಲಿ ರೂಮು ಹಿಡಿಯುವುದು: ಬುಕಿಂಗ್ ಡೆಸ್ಕಿನ ಕೆಲಸ ಕಲಿಸಿದ್ದು

ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಲಾಂಗ್‌ಯಿಯರ್‌ಬ್ಯೆನ್‌ಗೆ ವಸತಿ ಕೇಳಿಕೊಂಡು ಯಾರಾದರೂ ಬಂದರೆ ಬಜೆಟ್ ವಿಚಾರಿಸುವ ಮುಂಚೆ ತಿಂಗಳು ಯಾವುದು ಎಂದು ಕೇಳಿ. 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ, ಸುಮಾರು ಎರಡೂವರೆ ಸಾವಿರ ಜನರ ಊರು ಅದು. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಅಲ್ಲಿ ಸೂರ್ಯ ಹುಟ್ಟುವುದಿಲ್ಲ. ಏಪ್ರಿಲ್ 20ರ ಆಸುಪಾಸಿನಿಂದ ಆಗಸ್ಟ್ 20ರ ಆಸುಪಾಸಿನವರೆಗೆ ಮುಳುಗುವುದಿಲ್ಲ. ಜುಲೈಗೆ ಒಪ್ಪುವ ರೂಮು ಜನವರಿಗೆ ಒಪ್ಪದಿರುವುದು ಇದರಿಂದಲೇ.

ಊರು ಒಂದು ಉದ್ದನೆಯ ಕಣಿವೆಯಲ್ಲಿದೆ. ಕೆಳಗೆ ಫ್ಯೋರ್ಡ್ (ಬೆಟ್ಟಗಳ ನಡುವೆ ಒಳಚಾಚಿದ ಕಡಲು) ದಂಡೆ ಮತ್ತು ಬಂದರು. ಅದಕ್ಕೆ ಹತ್ತಿರವೇ ಅಂಗಡಿ, ಅಂಚೆ ಕಚೇರಿ, ರೆಸ್ಟೋರೆಂಟುಗಳಿರುವ ಪೇಟೆ. ಅಲ್ಲಿಂದ ಏರುತ್ತಾ ಹೋದರೆ ಹೌಗೆನ್ ಬಡಾವಣೆ, ಕಣಿವೆಯ ಮೇಲಿನ ತುದಿಯಲ್ಲಿ ನ್ಯೂಬ್ಯೆನ್ ಬಡಾವಣೆ. ಎರಡನೇ ಮಹಾಯುದ್ಧದ ನಂತರ ಕಲ್ಲಿದ್ದಲು ಗಣಿ ಕಾರ್ಮಿಕರಿಗಾಗಿ ನ್ಯೂಬ್ಯೆನ್‌ನಲ್ಲಿ ಕಟ್ಟಿದ ಉದ್ದನೆಯ ಮನೆಗಳಲ್ಲಿ ಕೆಲವು ಈಗ ಗೆಸ್ಟ್‌ಹೌಸ್‌ಗಳಾಗಿವೆ. ರೂಮು ಚಿಕ್ಕದು, ಸ್ನಾನದ ಮನೆ ಸಾಮಾನ್ಯವಾಗಿ ಹಂಚಿಕೊಳ್ಳುವಂಥದ್ದು. ಬಾಡಿಗೆ ಪೇಟೆಯ ಹೋಟೆಲಿಗಿಂತ ಕಡಿಮೆ, ಹಾಗಾಗಿ ಹುಡುಕಾಟದಲ್ಲಿ ಮೇಲೆಯೇ ಕಾಣುತ್ತದೆ. ಪಕ್ಕದಲ್ಲಿ ‘ಕೇಂದ್ರದಿಂದ 2 ಕಿ.ಮೀ.’ ಎಂದು ಬರೆದಿರುತ್ತದೆ.

ಆ ಎರಡು ಕಿಲೋಮೀಟರ್ ಬೇಸಿಗೆಯಲ್ಲಿ ಅರ್ಧ ಗಂಟೆಯ ಹಿತವಾದ ನಡಿಗೆ. ಚಳಿಗಾಲದಲ್ಲಿ ಅದು ಕತ್ತಲೆಯ ಏರುದಾರಿ, ಜೊತೆಗೆ ಕಣಿವೆಗುಂಟ ನುಗ್ಗುವ ಗಾಳಿ. ಎಲ್ಲರೂ ಮೈನಸ್ 20ಕ್ಕೆ ಹೆದರುತ್ತಾರೆ, ಆದರೆ ಕಾಲು ಜಾರಿಸುವುದು ಸೊನ್ನೆಗಿಂತ ಮೇಲೇರುವ ದಿನ. ಹಿಮದ ಮೇಲೆ ಮಳೆ ಬಿದ್ದು, ರಾತ್ರಿ ಹೆಪ್ಪುಗಟ್ಟಿ, ರಸ್ತೆಯೆಲ್ಲ ಗಾಜಾಗಿಬಿಡುತ್ತದೆ. ಬೂಟಿಗೆ ಸಿಕ್ಕಿಸುವ ಮುಳ್ಳುಪಟ್ಟಿ ಇಲ್ಲದೆ ಆಗ ನಡೆಯಲಾಗದು. ಊರೊಳಗೆ ಸಿಟಿ ಬಸ್ ಇಲ್ಲ; ಇರುವುದು ಟ್ಯಾಕ್ಸಿ ಮಾತ್ರ. ಆದ್ದರಿಂದ ನ್ಯೂಬ್ಯೆನ್‌ನ ಬಾಡಿಗೆಗೆ ದಿನಕ್ಕೆ ಎರಡು ಟ್ಯಾಕ್ಸಿ ಸವಾರಿ ಸೇರಿಸಿ, ಆಮೇಲೆ ಪೇಟೆಯ ಹೋಟೆಲಿನೊಂದಿಗೆ ಹೋಲಿಸಿ. ಒಬ್ಬರೇ ಹೋಗುವವರಿಗೆ ಉಳಿತಾಯ ಬಹುಮಟ್ಟಿಗೆ ಕರಗುತ್ತದೆ. ಮೂವರು ನಾಲ್ವರು ಸವಾರಿ ಹಂಚಿಕೊಂಡರೆ ಉಳಿಯುತ್ತದೆ. ವಯಸ್ಸಾದವರು ಜೊತೆಗಿದ್ದರೆ ಲೆಕ್ಕವೇ ಬೇಡ, ಪೇಟೆಯಲ್ಲೇ ಹಿಡಿಯಿರಿ.

ಇಳಿಜಾರಿನ ವಿಷಯ ಇದಕ್ಕಿಂತ ಗಂಭೀರ. 2015ರ ಡಿಸೆಂಬರ್ 19ರಂದು ಸುಕ್ಕರ್‌ಟೊಪ್ಪೆನ್ ಬೆಟ್ಟದಿಂದ ಜಾರಿದ ಹಿಮರಾಶಿ ಹನ್ನೊಂದು ಮನೆಗಳನ್ನು ನೂಕಿತು, ಇಬ್ಬರು ಸತ್ತರು. 2017ರ ಫೆಬ್ರವರಿಯಲ್ಲಿ ಮತ್ತೊಮ್ಮೆ ಮನೆಗಳಿಗೆ ಬಡಿಯಿತು. ಆಮೇಲೆ ಅಪಾಯದ ಸಾಲಿನ ಎಷ್ಟೋ ಮನೆಗಳನ್ನು ಕೆಡವಿ, ಇಳಿಜಾರಿಗೆ ಹಿಮತಡೆ ಬೇಲಿ ಹಾಕಿದರು. ಈಗಲೂ ಜೋರು ಗಾಳಿಯೊಂದಿಗೆ ಹಿಮ ಸುರಿದರೆ ಕೆಲವು ಭಾಗಗಳನ್ನು ಖಾಲಿ ಮಾಡಿಸುವುದುಂಟು. ಹೆದರಿ ಪ್ರವಾಸ ರದ್ದು ಮಾಡಬೇಕಿಲ್ಲ. ಆದರೆ ನಡುರಾತ್ರಿ ಆದೇಶ ಬಂದರೆ ಬಾಗಿಲು ತಟ್ಟಿ ಎಬ್ಬಿಸುವವರು ಇದ್ದಾರೆಯೇ ಎಂಬುದು ಮುಖ್ಯ. ಕೋಡ್ ಒತ್ತಿ ಒಳಹೋಗುವ, ರಿಸೆಪ್ಷನ್ ಇಲ್ಲದ ಅಪಾರ್ಟ್‌ಮೆಂಟನ್ನು ಮೊದಲ ಸಲ ಹೋಗುವವರಿಗೆ ಚಳಿಗಾಲದಲ್ಲಿ ನಾವು ಸೂಚಿಸುವುದಿಲ್ಲ.

ಊರ ಗಡಿಯಾಚೆ ಹಿಮಕರಡಿಯ ಭಯವಿದೆ, ಗೈಡ್ ಇಲ್ಲದೆ ಹೋಗುವಂತಿಲ್ಲ ಎಂದೇ ತಿಳಿಯಿರಿ. ಆದ್ದರಿಂದ ನಾಯಿಗಾಡಿ, ಸ್ನೋಮೊಬೈಲ್, ಹಿಮಗುಹೆ ಎಲ್ಲವೂ ಟೂರ್‌ನವರ ವ್ಯಾನಿನಿಂದಲೇ ಶುರು. ವ್ಯಾನು ನಿಮ್ಮ ಬಾಗಿಲಿಗೆ ಬರುತ್ತದೆಯೋ, ಹತ್ತಿರದ ಹೋಟೆಲಿನ ಎದುರು ನಿಲ್ಲಬೇಕೋ ಎಂಬುದನ್ನು ರೂಮು ಖಾತ್ರಿ ಮಾಡುವ ಮುಂಚೆ ಬರೆದು ಕೇಳಿ. ಊರಿನಿಂದ ಸುಮಾರು 5 ಕಿ.ಮೀ. ದೂರದ ವಿಮಾನ ನಿಲ್ದಾಣದ ಬಸ್ಸಿಗೂ ಇದೇ ಪ್ರಶ್ನೆ.

ಬೇಸಿಗೆಗೆ ಬೇರೆಯದೇ ತಲೆನೋವು: ನಿದ್ದೆ. ನಡುರಾತ್ರಿಯೂ ಕಿಟಕಿಗೆ ಬಿಸಿಲು. ದಪ್ಪ ಪರದೆ ಇದೆಯೇ ಕೇಳಿ, ಕಣ್ಣುಪಟ್ಟಿ ಹೇಗೂ ಇರಲಿ.

ನಮ್ಮವರಲ್ಲಿ ಸಸ್ಯಾಹಾರಿಗಳಿಗೆ ಅಡುಗೆಮನೆಯೇ ನಿರ್ಣಾಯಕ. ಅಡುಗೆಮನೆ ಎಂದರೆ ಒಲೆಯೇ, ಬರೀ ಕೆಟಲ್ ಮತ್ತು ಮೈಕ್ರೋವೇವ್ ಆ ಎಂದು ಬಿಡಿಸಿ ಕೇಳಬೇಕು. ಪಟ್ಟಿಯಲ್ಲಿ ಎರಡಕ್ಕೂ ಒಂದೇ ಚಿಹ್ನೆ. ರೂಮಿನೊಳಗೆ ರೈಸ್ ಕುಕ್ಕರ್ ಇಟ್ಟರೆ ಹಬೆಗೆ ಹೊಗೆ ಅಲಾರಂ ಬಡಿದುಕೊಳ್ಳಬಹುದು. ಅಕ್ಕಿ, ತರಕಾರಿ, ಮೊಸರು ಪೇಟೆಯ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುತ್ತವೆ. ಸಾರಿನ ಪುಡಿ, ಅವಲಕ್ಕಿ ಒಯ್ಯಿರಿ. ತುಪ್ಪ, ಪನೀರು, ಧಾರವಾಡ ಪೇಡ ಬೇಡ. ಯುರೋಪಿನ ಆರ್ಥಿಕ ವಲಯದ ಹೊರಗಿನ ಹಾಲಿನ ಪದಾರ್ಥ, ಮಾಂಸವನ್ನು ನಾರ್ವೆ ಒಳಗೆ ಬಿಡುವುದಿಲ್ಲ. ಹಲವು ಹೋಟೆಲುಗಳಲ್ಲಿ ಬೂಟನ್ನು ಬಾಗಿಲಲ್ಲೇ ಕಳಚಬೇಕು, ಗಣಿಯ ಕಾಲದಿಂದ ಬಂದ ಪದ್ಧತಿ. ಒಳಗೆ ಹಾಕಲು ಬೆಚ್ಚನೆಯ ಚಪ್ಪಲಿ ಇಟ್ಟುಕೊಳ್ಳಿ.

ಬುಕಿಂಗ್ ಕ್ರಮದಲ್ಲಿ, ಮಾರ್ಚ್-ಏಪ್ರಿಲ್‌ಗೆ ಹೋಗುವುದಾದರೆ ರದ್ದು ಮಾಡಬಹುದಾದ ರೂಮು ಮೊದಲು, ವಿಮಾನ ಆಮೇಲೆ. ಸೂರ್ಯ ಫೆಬ್ರವರಿಯಲ್ಲೇ ಹುಟ್ಟಿದರೂ ಬೆಟ್ಟಗಳ ಮರೆ ದಾಟಿ ಬಿಸಿಲು ಊರಿಗೆ ಮರಳುವ ಹಬ್ಬ ಮಾರ್ಚ್ 8ರ ಸುಮಾರಿಗಿದೆ, ಸ್ನೋಮೊಬೈಲ್ ಕಾಲವೂ ಅದೇ. ರೂಮುಗಳು ತಿಂಗಳುಗಳ ಮುಂಚೆಯೇ ತುಂಬುತ್ತವೆ. ಮನೆಗಳಲ್ಲಿ ಹೆಚ್ಚಿನವು ಅಲ್ಲಿನ ಉದ್ಯೋಗದಾತರ ಕೈಯಲ್ಲಿರುವುದರಿಂದ ಕೊನೆಗಳಿಗೆಯಲ್ಲಿ ಯಾರದೋ ಮನೆಯಲ್ಲಿ ಸಿಕ್ಕೀತು ಎಂಬ ಭರವಸೆ ಇಡಬೇಡಿ. ಸ್ವಾಲ್ಬಾರ್ಡ್ ಷೆಂಗೆನ್ ವಲಯದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ) ಹೊರಗಿದೆ. ಅಲ್ಲಿಗೆ ವೀಸಾ ಬೇಡದಿದ್ದರೂ ಓಸ್ಲೋ ದಾಟಿ ಹೋಗಿ ಮರಳಲು ಭಾರತೀಯ ಪಾಸ್‌ಪೋರ್ಟಿನವರಿಗೆ ಎರಡು ಸಲ ಪ್ರವೇಶವಿರುವ ಷೆಂಗೆನ್ ವೀಸಾ ಬೇಕು. ಒಂದೇ ಪ್ರವೇಶದ ವೀಸಾ ಇದ್ದರೆ ವಾಪಸು ಬರುವಾಗ ಸಿಕ್ಕಿಕೊಳ್ಳುತ್ತೀರಿ.

ಹವಾಮಾನಕ್ಕೆ ವಿಮಾನ ರದ್ದಾಗುವುದು ಅಲ್ಲಿ ಹೊಸದಲ್ಲ. ಊರಿನ ಆಸ್ಪತ್ರೆ ಚಿಕ್ಕದು, ಗಂಭೀರ ರೋಗಿಗಳನ್ನು ನಾರ್ವೆಯ ಮುಖ್ಯನಾಡಿನ ಟ್ರೋಮ್ಸೊ ನಗರಕ್ಕೆ ವಿಮಾನದಲ್ಲಿ ಒಯ್ಯುತ್ತಾರೆ. ವಿಮೆಯಲ್ಲಿ ಆ ಖರ್ಚು ಸೇರಿರಲಿ. ಮುಂದಿನ ಅಂತರರಾಷ್ಟ್ರೀಯ ವಿಮಾನಕ್ಕೆ ಮುಂಚೆ ಓಸ್ಲೋದಲ್ಲಿ ಒಂದು ರಾತ್ರಿಯ ರೂಮು ಹಿಡಿದಿಡಿ. ಲಾಂಗ್‌ಯಿಯರ್‌ಬ್ಯೆನ್‌ನ ವಸತಿಗೆ ಹೊರಡುವ ವಾರ ಒಂದು ಮೇಲ್ ಕಳಿಸಿ: ವಿಮಾನದ ಸಂಖ್ಯೆ, ಇಳಿಯುವ ಹೊತ್ತು, ತಡರಾತ್ರಿಯಾದರೆ ಕೀಲಿ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ. ಉತ್ತರವನ್ನು ಪ್ರಿಂಟ್ ತೆಗೆದು ಕೋಟಿನ ಜೇಬಿನಲ್ಲಿ ಇಟ್ಟುಕೊಳ್ಳಿ. ಆ ಚಳಿಯಲ್ಲಿ ಫೋನಿನ ಬ್ಯಾಟರಿ ಬೇಗ ಇಳಿಯುತ್ತದೆ.