ಕ್ಯಾಲೆಂಡರಿನ ಬಿಳಿ ಚೌಕ

ನಾನು ಬುಕಿಂಗ್ ನೋಡಿಕೊಳ್ಳುವ ಈ ರಂಗಮಂದಿರಕ್ಕೆ ಸೇರಿದ ಹೊಸದರಲ್ಲಿ ನನ್ನ ಕೈಗೆ ಬಂದದ್ದು ಒಂದು ಎಕ್ಸೆಲ್ ಹಾಳೆ. ಬುಕ್ ಆದ ದಿನ ಹಸಿರು, ಆಗದ ದಿನ ಬಿಳಿ. ದೊಡ್ಡ ನಗರದ ಸಾರ್ವಜನಿಕ ಸಭಾಂಗಣ ಅಂದರೆ ಗೊತ್ತಲ್ಲ, ನಾಟಕ, ನೃತ್ಯ, ಸಂಗೀತ ಕಛೇರಿ, ಶಾಲಾ ವಾರ್ಷಿಕೋತ್ಸವ, ನೌಕರರ ಸಮಾವೇಶ, ಪುಸ್ತಕ ಬಿಡುಗಡೆ ಎಲ್ಲಕ್ಕೂ ಅದೇ ವೇದಿಕೆ. ಒಂದು ತಾರೀಕಿಗಾಗಿ ಜನ ಆರು ತಿಂಗಳು ಮೊದಲೇ ಫೋನ್ ಹಚ್ಚುತ್ತಾರೆ. ಇಂಥ ಕಡೆ ಒಂದು ದಿನ ಖಾಲಿ ಬಿಡುವುದೆಂದರೆ ತಪ್ಪು ಮಾಡಿದ ಹಾಗೆ ಅಂತಲೇ ನಾನು ತಿಳಿದಿದ್ದೆ. ಎರಡನೇ ವರ್ಷ ಒಂದು ತಿಂಗಳಲ್ಲಿ ಒಂದೇ ಒಂದು ಬಿಳಿ ಚೌಕವೂ ಉಳಿಯದ ಹಾಗೆ ಹೊಂದಿಸಿದೆ. ಆ ಹಾಳೆಯ ಪ್ರಿಂಟ್ ತೆಗೆದು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡೆ. ತಿಂಗಳ ಮೀಟಿಂಗಿನಲ್ಲಿ ಶಹಬ್ಬಾಸ್‌ಗಿರಿಯೂ ಸಿಕ್ಕಿತು.

ಅದೇ ತಿಂಗಳ ಮೂರನೇ ಶನಿವಾರ ನನ್ನ ಮರ್ಯಾದೆ ಹೋಯಿತು.

ಶುಕ್ರವಾರ ಇಡೀ ದಿನ ಒಂದು ಸಮಾವೇಶ, ರಾತ್ರಿ ಹತ್ತಕ್ಕೆ ಮುಗಿಯಬೇಕಾದದ್ದು ಹನ್ನೊಂದೂವರೆಗೆ ಮುಗಿಯಿತು. ಶನಿವಾರ ಬೆಳಿಗ್ಗೆ ಶಾಲೆಯೊಂದರ ವಾರ್ಷಿಕೋತ್ಸವ, ಒಂದು ಗಂಟೆಯವರೆಗೆ. ಸಂಜೆ ಏಳಕ್ಕೆ ನಾಟಕ. ಹಾಳೆಯ ಮೇಲೆ ಇದರಲ್ಲಿ ಏನೂ ತೊಂದರೆ ಕಾಣುವುದಿಲ್ಲ. ಒಂದಕ್ಕೂ ಏಳಕ್ಕೂ ನಡುವೆ ಆರು ಗಂಟೆ ಇದೆ. ಆದರೆ ಬಹುಮಾನ ವಿತರಣೆ ಎಂಬುದು ಯಾವ ಊರಿನಲ್ಲೂ ಹೇಳಿದ ಹೊತ್ತಿಗೆ ಮುಗಿದದ್ದಿಲ್ಲ. ಎರಡೂ ಹತ್ತಕ್ಕೆ ಕೊನೆಯ ಮಗು ಕಪ್ ಹಿಡಿದುಕೊಂಡು ಇಳಿಯಿತು. ಥರ್ಮಕೋಲ್ ಅಕ್ಷರಗಳನ್ನು ಕಿತ್ತು, ಬಣ್ಣದ ಕಾಗದ ಗುಡಿಸಿ ವೇದಿಕೆ ಕೈಗೆ ಸಿಗುವಾಗ ಮೂರು ಗಂಟೆ. ನಾಟಕದವರ ಲಾರಿ ಹನ್ನೊಂದರಿಂದಲೇ ಹಿಂಬಾಗಿಲಲ್ಲಿ ನಿಂತಿತ್ತು. ಹುಡುಗರು ಲಾರಿಯ ನೆರಳಿನಲ್ಲಿ ಕೂತು ಮಾತುಗಳನ್ನು ಒಪ್ಪಿಸಿಕೊಳ್ಳುತ್ತಿದ್ದರು.

ಆಮೇಲಿನ ಲೆಕ್ಕ ನನಗೆ ಆವತ್ತಿನವರೆಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಸಮಾವೇಶಕ್ಕೆಂದು ಲೈಟುಗಳನ್ನೆಲ್ಲ ವೇದಿಕೆಯ ಉದ್ದಗಲಕ್ಕೂ ಬೆಳ್ಳಗೆ ಬೀಳುವ ಹಾಗೆ ತಿರುಗಿಸಿದ್ದರು. ನಾಟಕಕ್ಕೆ ಅದು ಬರುವುದಿಲ್ಲ. ಒಂದೊಂದನ್ನೂ ಮತ್ತೆ ತಿರುಗಿಸಿ, ಬೆಳಕಿನ ಅಂಚು ಕತ್ತರಿಸಿ, ಜೆಲ್ ಅನ್ನುವ ಬಣ್ಣದ ಹಾಳೆ ಹಾಕಿ ಬಿಗಿಯಬೇಕು. 60 ಲೈಟು, ಒಂದಕ್ಕೆ 4 ನಿಮಿಷ ಅಂದರೂ 4 ಗಂಟೆ. ಅಷ್ಟು ಹೊತ್ತೂ ಏಣಿ ವೇದಿಕೆಯ ಮೇಲೇ ಇರಬೇಕು. ಸೆಟ್ ನಿಲ್ಲಬೇಕಾದದ್ದೂ ಏಣಿ ನಿಂತ ಜಾಗದಲ್ಲೇ. ಫೋಕಸ್ ಮಾಡುವವರಿಗೆ ಕತ್ತಲೆ ಬೇಕು, ಮೊಳೆ ಹೊಡೆಯುವವರಿಗೆ ಬೆಳಕು ಬೇಕು. ಒಬ್ಬರು ಕೆಲಸ ಮಾಡಿದರೆ ಇನ್ನೊಬ್ಬರು ಕೈಕಟ್ಟಿ ನಿಲ್ಲಬೇಕು. ಇಷ್ಟರ ಮೇಲೆ ಸೌಂಡ್, ನಟರ ಮೇಕಪ್, ಒಂದು ಸಲವಾದರೂ ದೃಶ್ಯದಿಂದ ದೃಶ್ಯಕ್ಕೆ ಓಡಿಸಿ ನೋಡುವ ತಾಂತ್ರಿಕ ತಾಲೀಮು. ಆರೂವರೆಗೆ ಪ್ರೇಕ್ಷಕರನ್ನು ಒಳಗೆ ಬಿಡಬೇಕು.

ಬಿಡಲಿಲ್ಲ. ಏಳೂಕಾಲಾದರೂ ಲಾಬಿಯಲ್ಲಿ ಜನ ನಿಂತೇ ಇದ್ದರು. ಹಿರಿಯರೊಬ್ಬರು ನನ್ನ ಹತ್ತಿರ ಬಂದು, ಏನೂ ಹೇಳದೆ, ತಮ್ಮ ಗಡಿಯಾರವನ್ನು ನನ್ನ ಕಡೆ ತಿರುಗಿಸಿ ತೋರಿಸಿ ಹೋದರು. ನಾಟಕ ಶುರುವಾಗುವ ಮೂರನೇ ಬೆಲ್ ಹೊಡೆದಾಗ ಏಳು ಐವತ್ತು.

ಮೊದಲ ಅಂಕದಲ್ಲಿ ಮುಖ್ಯ ಪಾತ್ರಧಾರಿಗೆ ಒಂದು ಉದ್ದ ಸ್ವಗತ ಇತ್ತು. ತಾಲೀಮಿನ ಮನೆಯಲ್ಲಿ ತಿಂಗಳುಗಟ್ಟಲೆ ನಿಂತ ಜಾಗದಲ್ಲೇ ಆತ ಬಂದು ನಿಂತ. ಬೆಳಕು ಮಾತ್ರ ಅರ್ಧ ಹೆಜ್ಜೆ ಆಚೆ ಬಿದ್ದಿತ್ತು. ಮುಖದ ಒಂದು ಪಾಲು ಕಾಣುತ್ತಿದೆ, ಇನ್ನೊಂದು ಕತ್ತಲೆ. ಮಾತು ಆಡುತ್ತಲೇ ಆತ ನಿಧಾನವಾಗಿ ಪಕ್ಕಕ್ಕೆ ಸರಿಯತೊಡಗಿದ. ಕಣ್ಣು ಮೇಲಕ್ಕೆ ಹೋಗುತ್ತದೆ, ಬೆಳಕಿನ ಬಿಸಿ ಕೆನ್ನೆಗೆ ತಾಗುತ್ತದೆಯೋ ಎಂದು ಹುಡುಕುತ್ತಾನೆ, ಮತ್ತೆ ಒಂದಿಷ್ಟು ಸರಿಯುತ್ತಾನೆ. ಅಮ್ಮನ ಸಾವಿನ ಬಗ್ಗೆ ಮಾತಾಡುತ್ತಿದ್ದವನು, ಪಾಪ, ಬಸ್ಸಿನಲ್ಲಿ ಸೀಟು ಹುಡುಕುವವನ ಹಾಗೆ ಕಾಣುತ್ತಿದ್ದ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹಿಂದಿನ ಸಾಲುಗಳಿಗೆ ಮಾತೇ ಕೇಳಿಸುತ್ತಿಲ್ಲ ಎಂದು ದೂರು ಬೇರೆ.

ನಾಟಕ ಮುಗಿದ ಮೇಲೆ ನಿರ್ದೇಶಕಿ ಬಯ್ಯುತ್ತಾರೆ ಅಂತ ಕಾದು ನಿಂತಿದ್ದೆ. ಎಪ್ಪತ್ತು ದಾಟಿದವರು. ಸೆರಗಿನಿಂದ ಬೆವರು ಒರೆಸಿಕೊಂಡು, "ನೋಡಮ್ಮಾ, ನೀನು ನಮಗೆ ಹಾಲ್ ಕೊಟ್ಟೆ, ಸ್ಟೇಜು ಕೊಡಲಿಲ್ಲ" ಅಂದರು. ಅಷ್ಟೇ. ಬಯ್ದಿದ್ದರೆ ಆವತ್ತು ನಿದ್ದೆ ಬರುತ್ತಿತ್ತು.

ಮರುದಿನ ಲೈಟಿಂಗ್ ನೋಡಿಕೊಳ್ಳುವ ಅಣ್ಣನ ಹತ್ತಿರ ಹೋಗಿ, ನೀವಾದರೂ ಮೊದಲೇ ಹೇಳಬಾರದಿತ್ತಾ ಅಂತ ಕೇಳಿದೆ. ನನಗಿಂತ ಹದಿನೈದು ವರ್ಷ ಹಿಂದಿನಿಂದ ಅಲ್ಲಿದ್ದವರು. "ನಮ್ಮನ್ನ ಯಾರು ಕೇಳ್ತಾರೆ ಮೇಡಂ? ಬುಕಿಂಗ್ ಫಾರಂನಲ್ಲಿ ನಮ್ಮ ಕಾಲಂ ಎಲ್ಲಿದೆ?" ಅಂದರು. ತೆಗೆದು ನೋಡಿದೆ. ಕಾರ್ಯಕ್ರಮದ ಹೆಸರು, ಉದ್ಘಾಟಕರು, ಅತಿಥಿಗಳ ಸಂಖ್ಯೆ, ಎಷ್ಟು ಕುರ್ಚಿ ವೇದಿಕೆಯ ಮೇಲೆ ಬೇಕು, ಎಲ್ಲ ಇತ್ತು. ಸೆಟ್ ಇದೆಯೇ, ಎಷ್ಟು ಲೈಟು, ಕಟ್ಟಲು ಎಷ್ಟು ಹೊತ್ತು, ಕಳಚಲು ಎಷ್ಟು ಹೊತ್ತು ಎಂಬ ಪ್ರಶ್ನೆಯೇ ಇರಲಿಲ್ಲ. ಆ ಫಾರಂ ಭಾಷಣಕ್ಕೆಂದು ಬರೆದದ್ದು.

ಹಿಂದಿನ ಸಾಲಿಗೆ ಯಾಕೆ ಕೇಳಿಸಲಿಲ್ಲ ಎಂಬುದೂ ನಿಧಾನವಾಗಿ ತಿಳಿಯಿತು. ಸೌಂಡ್‌ನವರಿಗೆ ಸಿಕ್ಕಿದ್ದು ಹತ್ತು ನಿಮಿಷ, ಅದೂ ಖಾಲಿ ಹಾಲಿನಲ್ಲಿ. ಖಾಲಿ ಹಾಲು ಗುಂಯ್ಗುಡುತ್ತದೆ, ಹಾಗಾಗಿ ಅವರು ಮೈಕ್ ತಗ್ಗಿಸಿಟ್ಟರು. ಜನ ತುಂಬಿದ ಮೇಲೆ ಅವರ ಮೈ, ಬಟ್ಟೆ ಎಲ್ಲ ಸೇರಿ ದನಿಯನ್ನು ಹೀರಿಕೊಂಡವು. ಇದನ್ನು ಮೊದಲು ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ವ್ಯಾಲೇಸ್ ಸೇಬಿನ್. 1895ರಲ್ಲಿ ಅಲ್ಲಿನ ಫಾಗ್ ಮ್ಯೂಸಿಯಂನ ಹೊಸ ಉಪನ್ಯಾಸ ಕೊಠಡಿಯಲ್ಲಿ ಯಾರು ಮಾತಾಡಿದರೂ ಒಂದು ಅಕ್ಷರ ಅರ್ಥವಾಗುತ್ತಿರಲಿಲ್ಲ; ಒಂದು ದನಿ ಅಡಗಲು ಸುಮಾರು ಐದೂವರೆ ಸೆಕೆಂಡು ಹಿಡಿಯುತ್ತಿತ್ತು. ಸೇಬಿನ್ ರಾತ್ರಿ ಹೊತ್ತು, ಸದ್ದಡಗಿದ ಮೇಲೆ, ಪಕ್ಕದ ಥಿಯೇಟರಿನಿಂದ ಸೀಟಿನ ದಿಂಬುಗಳನ್ನು ಹೊತ್ತು ತಂದು ಹರಡಿ, ಆರ್ಗನ್ ವಾದ್ಯದ ಕೊಳವೆ ಊದಿಸಿ ಸಮಯ ಅಳೆಯುತ್ತಿದ್ದರು. ಬೆಳಗಾಗುವುದರೊಳಗೆ ದಿಂಬುಗಳನ್ನು ವಾಪಸ್ ಇಡಬೇಕು. ಮನುಷ್ಯರನ್ನೂ ಕೂರಿಸಿ ಅಳೆದರು. ಆ ಲೆಕ್ಕದ ಮೇಲೆ ಕಟ್ಟಿದ ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು, ಇವತ್ತಿಗೂ ಜಗತ್ತಿನ ಒಳ್ಳೆಯ ಸಂಗೀತ ಸಭಾಂಗಣಗಳ ಸಾಲಿನಲ್ಲಿ ಅದರ ಹೆಸರು ಬರುತ್ತದೆ. ಒಂದು ಕೋಣೆಯ ದನಿ ತಿಳಿಯಲು ಆತ ವರ್ಷಗಟ್ಟಲೆ ರಾತ್ರಿ ನಿದ್ದೆಗೆಟ್ಟರು. ನಾನು ಕೊಟ್ಟದ್ದು ಹತ್ತು ನಿಮಿಷ.

ತುಂಬಿಸುವ ಚಪಲ ನನ್ನೊಬ್ಬಳದೇ ಅಲ್ಲ ಎಂದು ಓದಿದಾಗ ಸ್ವಲ್ಪ ಸಮಾಧಾನ ಆಯಿತು ಎನ್ನಿ. ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ 1962ರಲ್ಲಿ ತೆರೆದ ಫಿಲ್‌ಹಾರ್ಮೋನಿಕ್ ಹಾಲಿಗೆ, ನಾದತಜ್ಞರು ಹೇಳಿದ್ದಕ್ಕಿಂತ ಹೆಚ್ಚು ಆಸನ ಬೇಕೆಂದು ನಕ್ಷೆಯನ್ನೇ ಬದಲಿಸಿದರು. ದನಿ ಕೆಟ್ಟಿತು. 1976ರಲ್ಲಿ ಒಳಭಾಗವನ್ನು ಪೂರ್ತಿ ಕಿತ್ತು ಕಟ್ಟಿದರು, ಆಗಲೂ ಗೊಣಗಾಟ ನಿಲ್ಲಲಿಲ್ಲ. ಕಡೆಗೆ 2022ರಲ್ಲಿ ಮತ್ತೆ ಕಟ್ಟಿದಾಗ 2,738 ಆಸನವನ್ನು 2,200ಕ್ಕೆ ಇಳಿಸಿದರು. ಸಿಡ್ನಿ ಒಪೆರಾ ಹೌಸಿನದು ಇನ್ನೊಂದು ಕಥೆ: ದೊಡ್ಡ ಹಾಲಿನಲ್ಲೇ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕವೂ ಆಗಬೇಕು, ವಾದ್ಯಗೋಷ್ಠಿಯೂ ಆಗಬೇಕು ಅಂತಿದ್ದವರು ಕಟ್ಟುತ್ತಿರುವಾಗಲೇ ಮನಸ್ಸು ಬದಲಿಸಿ, ಆಗಲೇ ಕೂರಿಸಿದ್ದ ರಂಗಯಂತ್ರಗಳನ್ನು ತೆಗೆಸಿ, ಅದನ್ನು ಬರೀ ಸಂಗೀತಕ್ಕೆ ಬಿಟ್ಟರು. 1973ರಲ್ಲಿ ಬಾಗಿಲು ತೆರೆದಾಗ ಒಪೆರಾ ಚಿಕ್ಕ ಹಾಲಿಗೆ ಹೋಗಿತ್ತು, ವೇದಿಕೆಯ ಎರಡು ಬದಿಯ ವಿಂಗ್ಸ್ ಇಕ್ಕಟ್ಟು, ವಾದ್ಯದವರು ಕೂರುವ ಗುಂಡಿ ಇಕ್ಕಟ್ಟು. ಹೆಸರು ಮಾತ್ರ ಒಪೆರಾ ಹೌಸ್.

ಸಮಿತಿಯ ಮುಂದೆ ನಾನು ಇಟ್ಟ ಬೇಡಿಕೆ ಸರಳ: ಸೆಟ್ ಇರುವ ನಾಟಕಕ್ಕೆ, ನೃತ್ಯರೂಪಕಕ್ಕೆ ಹಿಂದಿನ ದಿನ ಮಧ್ಯಾಹ್ನದಿಂದ ವೇದಿಕೆ ಅವರದೇ. ಆ ಹೊತ್ತಿಗೆ ಬಾಡಿಗೆ ಕಡಿಮೆ. ಲೆಕ್ಕಪತ್ರದವರು ಕನ್ನಡಕ ಮೇಲೇರಿಸಿಕೊಂಡು, ಹಾಗಾದರೆ ಹಾಲು ಎಷ್ಟು ದಿನ ಬಳಕೆಯಾಯಿತು ಎಂಬ ಅಂಕಿ ಇಳಿಯುತ್ತದಲ್ಲ ಅಂದರು. ಏಣಿಯ ಮೇಲೆ ಮನುಷ್ಯ ನಿಂತಿರುವಾಗ ಹಾಲು ಬಳಕೆಯಲ್ಲಿದೆಯೋ ಇಲ್ಲವೋ ನೀವೇ ಹೇಳಿ ಸರ್ ಅಂದೆ. ಎರಡು ಮೀಟಿಂಗ್ ಹಿಡಿಯಿತು. ಕಡೆಗೆ ತಯಾರಿಯ ಹೊತ್ತನ್ನೂ ಬಳಕೆಯ ಲೆಕ್ಕಕ್ಕೇ ಸೇರಿಸಿ, ಎಕ್ಸೆಲ್ಲಿನಲ್ಲಿ ಅದಕ್ಕೊಂದು ಹಳದಿ ಬಣ್ಣ ಕೊಟ್ಟರು. ನಿಜ ಹೇಳಬೇಕೆಂದರೆ ನನ್ನ ವಾದಕ್ಕಿಂತ ಆ ಹಳದಿ ಬಣ್ಣವೇ ಹೆಚ್ಚು ಕೆಲಸ ಮಾಡಿತು. ಬಿಳಿ ಕಂಡರೆ ಹೆದರುವವರಿಗೆ ಹಳದಿ ಕಂಡರೆ ಹೆದರಿಕೆ ಇಲ್ಲ.

ಇದರಿಂದ ಎಲ್ಲರಿಗೂ ಒಳ್ಳೆಯದಾಯಿತು ಅಂತ ನಾನು ಹೇಳುವುದಿಲ್ಲ. ಹಳದಿ ಮಾಡಿದ ಪ್ರತಿ ಅರ್ಧ ದಿನವೂ ಇನ್ಯಾರಿಗೋ ಸಿಗದೆ ಹೋದ ತಾರೀಕು. ಒಂದು ಸಣ್ಣ ತಂಡ, ಹೆಚ್ಚಿನವರು ಕಾಲೇಜು ಹುಡುಗರು, ವರ್ಷಕ್ಕೆ ಒಂದೇ ಪ್ರಯೋಗ ಮಾಡುವವರು, ಅಂಥ ಒಂದು ಶುಕ್ರವಾರಕ್ಕಾಗಿ ಮೂರು ಸಲ ಬಂದರು. ಸೆಟ್ಟೇ ಬೇಡ ಮೇಡಂ, ಎರಡು ಲೈಟು ಸಾಕು ಅಂದರು. ಇಲ್ಲ ಅಂದೆ. ನಿಯಮ ಹೊಸದು, ಮೊದಲ ತಿಂಗಳಲ್ಲೇ ಮುರಿದರೆ ಉಳಿಯುವುದಿಲ್ಲ ಎಂಬ ಹಟ. ಅವರು ಆ ವರ್ಷ ನಾಟಕ ಆಡಲಿಲ್ಲ. ಆ ತಂಡ ಈಗ ಇಲ್ಲ. ಅದಕ್ಕೆ ನಾನೇ ಕಾರಣ ಎಂದುಕೊಳ್ಳುವಷ್ಟು ದೊಡ್ಡವಳಲ್ಲ ನಾನು, ಆದರೆ ಆ ಮೂರನೇ ಸಲದ ಮುಖಗಳು ನೆನಪಿವೆ.

ಆಮೇಲೆ ಜೋಡಿಸುವುದನ್ನು ಕಲಿತೆ. ಸಂಗೀತ ಕಛೇರಿಗೆ ಒಂದು ಹಾಸು, ನಾಲ್ಕಾರು ಮೈಕು, ಬೆಚ್ಚಗಿನ ಒಂದೇ ಬೆಳಕು ಸಾಕು. ನಾಟಕಕ್ಕೆ ಕಟ್ಟಿದ ಲೈಟನ್ನು ಮುಟ್ಟದೆ, ಅರ್ಧ ನಿಂತ ಸೆಟ್ಟಿಗೆ ಕಪ್ಪು ಪರದೆ ಎಳೆದು, ಮುಂದೆ ಕಛೇರಿ ನಡೆಸಬಹುದು. ಭಾಷಣದ ಕಾರ್ಯಕ್ರಮಗಳನ್ನೂ ಹಾಗೇ ನಾಟಕದ ಮರುದಿನಕ್ಕೆ ಹಾಕಿದೆ, ಮುನ್ನಾದಿನಕ್ಕಲ್ಲ. ಎರಡೇ ಲೈಟು ಸಾಕು ಅನ್ನುವವರಿಗೂ ಈಗ ಹೀಗೆ ಜಾಗ ಸಿಗುತ್ತದೆ. ಆ ಹುಡುಗರು ಬಂದಾಗ ಇದು ನನಗೆ ಹೊಳೆದಿರಲಿಲ್ಲ.

ಲಾಬಿಯನ್ನೂ ಬಳಸೋಣ ಅನ್ನಿಸಿತು. ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್ 1951ರದು; ಟಿಕೆಟ್ ಇದ್ದವರಿಗೆ ಸಂಜೆ ಮಾತ್ರ ತೆರೆಯುತ್ತಿದ್ದ ಅದರ ಪಡಸಾಲೆಗಳನ್ನು 1983ರಿಂದ ದಿನವಿಡೀ ಎಲ್ಲರಿಗೂ ತೆರೆದಿಟ್ಟರು. ಅದನ್ನು ಓದಿ ಹುಮ್ಮಸ್ಸು ಬಂದು, ನಮ್ಮ ಲಾಬಿಯಲ್ಲೂ ಮಧ್ಯಾಹ್ನ ಅರ್ಧ ಗಂಟೆ ಕೊಳಲು ಇಟ್ಟೆ. ಜನ ಸೇರಿದರು, ಚೆನ್ನಾಗಿತ್ತು. ಒಳಗೆ ನಾಟಕದವರ ತಾಂತ್ರಿಕ ತಾಲೀಮು ನಡೆಯುತ್ತಿತ್ತು. ಹಾಲಿನ ಬಾಗಿಲಿನ ಸಂದಿಯಿಂದ ಕೊಳಲು ಒಳಗೆ ಹೋಗಿ, ಯುದ್ಧದ ದೃಶ್ಯದ ನಡುವೆ ಇಂಪಾಗಿ ಕೇಳಿಸುತ್ತಿತ್ತಂತೆ. ಸೌಂಡ್ ಹುಡುಗ ಯಾವ ಫೈಲು ಓಡುತ್ತಿದೆ ಎಂದು ಇಪ್ಪತ್ತು ನಿಮಿಷ ಲ್ಯಾಪ್‌ಟಾಪ್ ಜಾಲಾಡಿದ. ಈಗ ತಾಲೀಮು ಇಲ್ಲದ ದಿನ ನೋಡಿ ಲಾಬಿಯ ಕಾರ್ಯಕ್ರಮ ಇಡುತ್ತೇನೆ, ಬಾಗಿಲಿಗೆ ದಪ್ಪ ರಬ್ಬರ್ ಪಟ್ಟಿಯನ್ನೂ ಹಾಕಿಸಿದೆ.

ಹೋದ ತಿಂಗಳು ಅದೇ ನಿರ್ದೇಶಕಿಯ ಹೊಸ ನಾಟಕ. ಹಿಂದಿನ ದಿನ ಮಧ್ಯಾಹ್ನ ಎರಡಕ್ಕೆ ಲಾರಿ ಬಂತು, ಎರಡೂ ಐದಕ್ಕೆ ಸಾಮಾನು ಇಳಿಯತೊಡಗಿತು. ನಾಲ್ಕರ ಹೊತ್ತಿಗೆ ಕೆಳಗೆ ಹೋದೆ. ವೇದಿಕೆ ಕತ್ತಲೆ, ಅಣ್ಣ ಏಣಿಯ ತುದಿಯಲ್ಲಿ, ಕೈಗೆ ಕೈಗವಸು. ಹಳೆಯ ಹ್ಯಾಲೋಜನ್ ಲೈಟು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ನಟಿ ಇನ್ನೂ ಬಂದಿರಲಿಲ್ಲ, ಆಕೆ ನಿಲ್ಲುವ ಜಾಗದಲ್ಲಿ ಯಾರಾದರೂ ನಿಲ್ಲಬೇಕಿತ್ತು. ನನ್ನ ಎತ್ತರ ಹೆಚ್ಚುಕಡಿಮೆ ಅವರಷ್ಟೇ. ನೆಲಕ್ಕೆ ಹಸಿರು ಟೇಪಿನ ಗುರುತು ಹಾಕಿದ್ದರು, ಅದರ ಮೇಲೆ ನಿಂತೆ. ಲೈಟನ್ನು ನೋಡಬೇಡಿ, ಬೆನ್ನು ಮಾಡಿ ನಿಂತು ನಿಮ್ಮ ತಲೆಯ ನೆರಳು ನೋಡಿ, ಅದರ ಸುತ್ತ ಬೆಳಕು ಸಮ ಇದ್ದರೆ ಸರಿ ಅಂತ ಮೇಲಿನಿಂದ ಹೇಳಿದರು. ನೆರಳು ನೋಡುತ್ತಾ ನಿಂತೆ. ಒಂದು ಬದಿ ಇನ್ನೂ ಮಂಕಾಗಿತ್ತು.

"ನೀವು ಅಲ್ಲೇ ಇರಿ ಮೇಡಂ, ಜರುಗಬೇಡಿ" ಅಂದರು ಅಣ್ಣ, "ನಾನೇ ತಿರುಗಿಸ್ತೀನಿ."